ಕೆಂಪು ಶಾಯಿಯೂ ಸಿಪಾಯಿಯ ಮಾನವೂ

ಬೆಂಗಳೂರಿನ ದಂಡು ಪ್ರದೇಶದ ಜನರಿಗೆ ಸಿಪಾಯಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಶ್ರೀರಂಗಪಟ್ಟಣದ ಜ್ವರದ ಹವೆಯನ್ನು ತಾಳಲಾರದೆ ಕಂಪೆನಿಯ ಸೇನೆಯು ೧೮೦೯ರಲ್ಲಿ ಹಲಸೂರಿನ ಸಮೀಪದ ಬಯಲಿಗೆ ಬಂದು ಬೀಡುಬಿಟ್ಟಂದಿನಿಂದಲೂ ನಗರದ ಮೂಡಣ ಭಾಗವು ಪಲ್ಟನ್ನಿನ ಕಹಳೆಗೆ ಎದ್ದು, ಪಲ್ಟನ್ನಿನ ಸಂಬಳದಲ್ಲಿ ಉಂಡು ಬೆಳೆದುದು. ೧೭೮೦ರಲ್ಲಿ ಹುಟ್ಟಿದ ಮದರಾಸು ಸ್ಯಾಪರ್ಸ್ ದಳದ ಕೇಂದ್ರವು ಇಂದಿಗೂ ಹಲಸೂರು ಕೆರೆಯ ಮಗ್ಗುಲಲ್ಲಿಯೇ ಇದೆ. ಶಿವಾಜಿನಗರದ ಗಲ್ಲಿಗಳಲ್ಲಿ, ಮರ್ಫಿ ಟೌನಿನ ಸಾಲುಮನೆಗಳಲ್ಲಿ, ಇಂದಿರಾನಗರದ ಡಿಫೆನ್ಸ್ ಕಾಲೊನಿಯಲ್ಲಿ, ಅದರಾಚೆ ಕೃಷ್ಣರಾಜಪುರದ ಹೊಸ ಬಡಾವಣೆಗಳಲ್ಲಿ ಸೇನೆಯ ಅನ್ನವನ್ನುಂಡ ಮನೆಗಳು ಎಷ್ಟೋ ಉಂಟು. ಪದಕಗಳನ್ನು ಕನ್ನಡಿಯ ಚೌಕಟ್ಟಿನಲ್ಲಿ ತೂಗುಹಾಕಿಕೊಂಡ ಸುಬೇದಾರನು ಬೀದಿಯಲ್ಲಿ ನಡೆದರೆ ಅಂಗಡಿಯವನು ಎದ್ದು ನಮಸ್ಕರಿಸುತ್ತಾನೆ. ಇದು ಯೋಗ್ಯವೇ.

ಆದರೆ ಅದೇ ಬೀದಿಗೆ ಮತ್ತೊಬ್ಬನೂ ಹಿಂದಿರುಗುತ್ತಾನೆ. ಅವನ ಪೆಟ್ಟಿಗೆಯಲ್ಲಿಯೂ ಪದಕವಿರಬಹುದು. ಅವನೂ ಹಿಮದಲ್ಲಿ ಕಾವಲು ನಿಂತವನಿರಬಹುದು. ಅವನ ಕೈಯಲ್ಲಿರುವ ಕಾಗದದಲ್ಲಿ ಮಾತ್ರ ‘ಬಿಡುಗಡೆ’ ಎಂಬ ಮಾತಿನ ಸ್ಥಳದಲ್ಲಿ ‘ವಜಾ’ ಎಂಬ ಮಾತಿರುತ್ತದೆ; ಇಲ್ಲವೇ ಬಿಡುಗಡೆಯೆಂದೇ ಇದ್ದರೂ, ಇವನು ಸೇನೆಗೆ ಬೇಡವಾದವನೆಂಬ ಕಾರಣವು ಅದರ ಕೆಳಗೆ ಬರೆಯಲ್ಪಟ್ಟಿರುತ್ತದೆ. ಅವನನ್ನು ಕುರಿತು ಯಾರೂ ಮಾತನಾಡುವುದಿಲ್ಲ. ಮನೆಯವರೂ ಮಾತನಾಡುವುದಿಲ್ಲ. ಆ ಕಾಗದದ ಮಾತು ಸರಿಯೇ ತಪ್ಪೇ, ಅದನ್ನು ತಿದ್ದುವ ಉಪಾಯವೊಂದುಂಟೇ ಎಂದು ಕೇಳುವುದೇ ಸೇನೆಗೆ ಅಗೌರವವೆಂದು ವಿದ್ಯಾವಂತರಲ್ಲಿಯೂ ಅನೇಕರು ಭಾವಿಸಿದ್ದಾರೆ. ಈ ಭಾವನೆಯು ತಪ್ಪು; ತಪ್ಪು ಮಾತ್ರವೇ ಆಗಿರದೆ ಕ್ರೂರವೂ ಆಗಿದೆ.

ಮೊದಲು ಕಾನೂನಿನ ಸ್ಥಿತಿಯನ್ನು ನೋಡುವುದು ಒಳ್ಳೆಯದು. ೧೯೫೦ರ ಸೇನಾ ಅಧಿನಿಯಮವು ಸಿಪಾಯಿಯು ಸೇನೆಯನ್ನು ಬಿಡುವ ದಾರಿಗಳನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಸೈನಿಕ ನ್ಯಾಯಾಲಯವು ಶಿಕ್ಷೆಯಾಗಿ ಅವನನ್ನು ವಜಾ ಮಾಡಬಹುದು; ನ್ಯಾಯಾಲಯವೇ ಇಲ್ಲದೆ ೨೦ನೆಯ ಪ್ರಕರಣದ ಮೇರೆಗೆ ಮೇಲಧಿಕಾರಿಗಳು ವಜಾ ಮಾಡಬಹುದು ಅಥವಾ ತೆಗೆದುಹಾಕಬಹುದು; ೧೯೫೪ರ ಸೇನಾ ನಿಯಮಾವಳಿಯ ೧೩ನೆಯ ನಿಯಮದಂತೆ ಬಿಡುಗಡೆಯನ್ನೂ ಮಾಡಬಹುದು. ಕೇಳುವವರಿಗೆ ಇವು ಒಂದೇ ಅರ್ಥದ ನಾಲ್ಕು ಮಾತುಗಳೆಂದು ತೋರುವುದು ಸಹಜ. ಆದರೆ ೧೯೬೧ರ ಪಿಂಚಣಿ ನಿಯಮಾವಳಿಯ ೧೧೩ನೆಯ ನಿಯಮವನ್ನು ಓದಿದವರಿಗೆ ಭೇದವು ತಿಳಿಯುತ್ತದೆ. ವಜಾ ಆದವನಿಗೆ ಅವನು ಅದುವರೆಗೆ ಸಲ್ಲಿಸಿದ ಸಮಸ್ತ ಸೇವೆಗೂ ಪಿಂಚಣಿಯಿಲ್ಲ, ಉಪದಾನವಿಲ್ಲ. ಹತ್ತೊಂಬತ್ತು ವರ್ಷ ನಿಷ್ಕಳಂಕವಾಗಿ ದುಡಿದು ಇಪ್ಪತ್ತನೆಯ ವರ್ಷದಲ್ಲಿ ಎಡವಿದವನಿಗೂ ಇದೇ ಲೆಕ್ಕ. ಅಸಾಧಾರಣ ಸಂದರ್ಭಗಳಲ್ಲಿ, ಬಿಡುಗಡೆಯಾಗಿದ್ದರೆ ಎಷ್ಟು ಸಿಕ್ಕುತ್ತಿತ್ತೋ ಅಷ್ಟನ್ನು ಮೀರದಂತೆ ಏನಾದರೂ ಕೊಡಬಹುದೆಂದು ಒಂದು ಕಿಂಡಿಯನ್ನು ಬಿಟ್ಟಿದ್ದಾರೆ. ೨೦೦೮ರ ಪರಿಷ್ಕೃತ ನಿಯಮಾವಳಿಯೂ ಇದೇ ತತ್ತ್ವವನ್ನು ಉಳಿಸಿಕೊಂಡಿತು. ಕಿಂಡಿಯಿದೆಯೆಂಬುದನ್ನು ತಿಳಿದವರೇ ಕಡಿಮೆ.

ಪಿಂಚಣಿಯೊಂದು ಹೋದರೆ ಅದರೊಡನೆ ಹೋಗುವುವು ಹಲವು. ಸಿಪಾಯಿಯು ತೀರಿಕೊಂಡ ಮೇಲೆ ಹೆಂಡತಿಗೆ ಬರಬೇಕಾದ ಕುಟುಂಬ ಪಿಂಚಣಿ ಹೋಯಿತು. ೨೦೦೩ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯು ಪಿಂಚಣಿದಾರರಿಗೆ ಮೀಸಲಾದುದರಿಂದ ಔಷಧೋಪಚಾರ ಹೋಯಿತು. ದುರ್ನಡತೆಯ ಕಾರಣದಿಂದ ವಜಾ ಆದವನು ಅಥವಾ ಬಿಡುಗಡೆಯಾದವನು ಸರಕಾರದ ಕಣ್ಣಿನಲ್ಲಿ ‘ಮಾಜಿ ಸೈನಿಕ’ನೇ ಅಲ್ಲವಾದ್ದರಿಂದ ಸರಕಾರಿ ಹುದ್ದೆಯ ಮೀಸಲಾತಿ ಹೋಯಿತು. ಕೊನೆಗೆ, ಇಂದಿರಾನಗರದ ಕಚೇರಿಯೊಂದರ ಬಾಗಿಲಿನಲ್ಲಿ ಕಾವಲುಗಾರನಾಗಿ ನಿಲ್ಲಲು ಹೋದರೂ ಅಲ್ಲಿ ಕೇಳುವುದು ಅದೇ ಬಿಡುಗಡೆಯ ಪುಸ್ತಕವನ್ನೇ. ಕಳ್ಳನು ಸೆರೆಮನೆಯ ಅವಧಿಯನ್ನು ಮುಗಿಸಿದರೆ ಅವನ ಶಿಕ್ಷೆ ಮುಗಿಯಿತೆಂದು ಲೋಕವು ಹೇಳುತ್ತದೆ. ಈ ಸಿಪಾಯಿಯ ಶಿಕ್ಷೆ ಮಾತ್ರ ಅವನು ಸತ್ತ ಮೇಲೆಯೂ ಅವನ ವಿಧವೆಯ ಅಡಿಗೆಮನೆಯಲ್ಲಿ ನಡೆಯುತ್ತಲೇ ಇರುತ್ತದೆ. ಆಕೆ ಮಾಡಿದ ಅಪರಾಧವೇನು?

ಇನ್ನು ಇಂತಹ ಕಾಗದವು ಹೇಗೆ ಹುಟ್ಟುತ್ತದೆಂಬುದನ್ನು ವಿಚಾರಿಸಬೇಕು. ದೇಶದ್ರೋಹಿ, ಕೊಲೆಗಾರ, ಶಸ್ತ್ರಾಗಾರದ ಕಳ್ಳ, ಇವರನ್ನು ವಜಾ ಮಾಡಬಾರದೆಂದು ಹೇಳುವ ಮೂಢರು ಯಾರೂ ಇಲ್ಲ; ಅವರ ಮಾತು ಇಲ್ಲಿ ಬೇಡ. ಸೇನೆಯಲ್ಲಿ ಸಿಪಾಯಿಯ ಶಿಕ್ಷೆಗಳನ್ನು ಬರೆದಿಡುವ ದಫ್ತರವೊಂದುಂಟು. ಕೊಟ್ಟ ಶಿಕ್ಷೆಯ ತೂಕವನ್ನನುಸರಿಸಿ ನಮೂದು ಕಪ್ಪು ಶಾಯಿಯದೋ ಕೆಂಪು ಶಾಯಿಯದೋ ಆಗುತ್ತದೆ. ಕೆಂಪು ನಮೂದು ನಾಲ್ಕಾದರೆ ಸಿಪಾಯಿಯು ‘ಅನಪೇಕ್ಷಿತ’ನೆಂದು ಎಣಿಸಲ್ಪಟ್ಟು ಮನೆಗೆ ಕಳುಹಿಸಲ್ಪಡುವುದು ಬಹುಕಾಲ ರೂಢಿಯಲ್ಲಿತ್ತು.

ಕೃಷ್ಣರಾಜಪುರದ ಕಡೆಯ ಒಬ್ಬ ಸ್ಯಾಪರನನ್ನು ಊಹಿಸಿಕೊಳ್ಳಬಹುದು. ತಾಯಿಯ ಕಾಯಿಲೆಯಲ್ಲಿ ರಜೆ ಮುಗಿದ ಮೇಲೆಯೂ ಹನ್ನೆರಡು ದಿನ ಊರಿನಲ್ಲಿ ನಿಂತನು: ಒಂದು. ಹೆಂಡತಿಯ ಹೆರಿಗೆಗೆ ರಜೆ ಸಿಕ್ಕದೆ ಹೇಳದೆ ಹೋದನು: ಎರಡು. ಗಡಿಯ ಚಳಿಯಲ್ಲಿ ಕುಡಿತವನ್ನು ಕಲಿತವನು ಬಯಲುಸೀಮೆಗೆ ಬಂದ ಮೇಲೆ ಅದನ್ನು ಬಿಡಲಾರದೆ ಒಂದು ಸಂಜೆ ಸಿಕ್ಕಿಬಿದ್ದನು: ಮೂರು. ಹವಾಲ್ದಾರನಿಗೆ ಎದುರು ಮಾತನಾಡಿದನು: ನಾಲ್ಕು. ಇವು ಯಾವುವೂ ಒಳ್ಳೆಯ ನಡತೆಗಳಲ್ಲ. ಒಂದೊಂದಕ್ಕೂ ಅವನು ಆಯಾ ಕಾಲದಲ್ಲಿಯೇ ಶಿಕ್ಷೆಯನ್ನು ಅನುಭವಿಸಿದ್ದಾನೆ. ಈಗ ಹದಿಮೂರು ವರ್ಷದ ಸೇವೆಯಾದ ಮೇಲೆ ಆ ನಾಲ್ಕನ್ನೂ ಒಟ್ಟು ಮಾಡಿ ಅವನನ್ನು ಕಳುಹಿಸಿಬಿಟ್ಟರೆ, ಪಿಂಚಣಿಗೆ ಬೇಕಾದ ಹದಿನೈದು ವರ್ಷಕ್ಕೆ ಎರಡು ವರ್ಷ ಕಡಿಮೆಯಾಗುತ್ತದೆ. ಕಾಗದದಲ್ಲಿ ಬರೆದಿರುವುದು ಬಿಡುಗಡೆಯೆಂದೇ. ಫಲವು ಮಾತ್ರ ವಜಾದಷ್ಟೇ.

ಸೇನೆಯ ಹಿರಿಯರಿಗೆ ಇದರ ಅನ್ಯಾಯವು ಕಾಣದೆ ಹೋಗಿತ್ತೆಂದು ಹೇಳಲಾಗದು. ಸೇನಾ ಪ್ರಧಾನ ಕಚೇರಿಯು ೧೯೮೮ರ ಡಿಸೆಂಬರ್ ೨೮ರಂದು ಹೊರಡಿಸಿದ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿತು: ನಾಲ್ಕು ಕೆಂಪು ನಮೂದುಗಳಾದ ಮಾತ್ರಕ್ಕೆ ಬಿಡುಗಡೆ ಮಾಡಲೇಬೇಕೆಂಬ ಕಟ್ಟಳೆಯಿಲ್ಲ, ಮೊದಲು ಪ್ರಾಥಮಿಕ ವಿಚಾರಣೆಯಾಗಬೇಕು, ಸೇವೆಯ ದೀರ್ಘತೆಯನ್ನೂ, ಅವನು ಕಷ್ಟದ ಠಾಣೆಗಳಲ್ಲಿ ನಿಂತ ಕಾಲವನ್ನೂ, ಒಂದೊಂದು ನಮೂದಿನ ಸ್ವರೂಪವನ್ನೂ ತೂಗಿ ನೋಡಬೇಕು, ಪಿಂಚಣಿಗೆ ಹತ್ತಿರವಾದವನ ವಿಷಯದಲ್ಲಿ ಕಠಿನವಾಗಬಾರದು. ಇದಕ್ಕಿಂತ ಉದಾರವಾದ ಮಾತನ್ನು ಸೇನೆಯ ಶತ್ರುವೂ ಬಯಸಲಾರನು. ಆದರೆ ಪತ್ರವು ಕಡತದಲ್ಲಿ ಉಳಿಯಿತು. ಎಣಿಕೆಯ ಅಭ್ಯಾಸವು ಪಲ್ಟನ್ನುಗಳಲ್ಲಿ ಉಳಿಯಿತು. ವೀರೇಂದ್ರ ಕುಮಾರ್ ದುಬೆ ಎಂಬವನ ಮೊಕದ್ದಮೆಯಲ್ಲಿ ೨೦೧೫ರ ಅಕ್ಟೋಬರ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಆ ವಿಚಾರಣೆ ನಡೆಯದ ಬಿಡುಗಡೆಯು ಬಿಡುಗಡೆಯೇ ಅಲ್ಲವೆಂದು ತೀರ್ಮಾನಿಸಿ, ಪಿಂಚಣಿಗೆ ಬೇಕಾದ ಸೇವೆ ಪೂರ್ಣವಾಗುವವರೆಗೂ ಅವನು ಸೇವೆಯಲ್ಲಿಯೇ ಇದ್ದನೆಂದು ಎಣಿಸಬೇಕೆಂದು ಆಜ್ಞಾಪಿಸಿತು. ಹಿಂದಿನ ಸಂಬಳವನ್ನು ಕೊಡಿಸಲಿಲ್ಲ. ೧೯೮೮ರಿಂದ ೨೦೧೫ರವರೆಗೆ ಇಪ್ಪತ್ತೇಳು ವರ್ಷ. ತನ್ನದೇ ಕಚೇರಿ ಬರೆದ ಪತ್ರವನ್ನು ಸೇನೆಯು ಪಾಲಿಸಬೇಕಾಗಿತ್ತೆಂದು ಹೇಳುವುದಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು!

ಇದು ಬಿಡುಗಡೆಯ ಮಾತಾಯಿತು. ವಜಾದ ಕಥೆ ಇನ್ನೂ ಕಠಿನ. ‘ಸಮರಿ ಕೋರ್ಟ್ ಮಾರ್ಷಲ್’ ಎಂಬ ಸಂಕ್ಷಿಪ್ತ ಸೈನಿಕ ನ್ಯಾಯಾಲಯವೊಂದುಂಟು. ಅಧಿನಿಯಮದ ೧೧೬ನೆಯ ಪ್ರಕರಣದಂತೆ ಪಲ್ಟನ್ನಿನ ಮುಖ್ಯಾಧಿಕಾರಿಯೊಬ್ಬನೇ ಈ ನ್ಯಾಯಾಲಯ. ಪಕ್ಕದಲ್ಲಿ ಇಬ್ಬರು ಕುಳಿತಿರುತ್ತಾರೆ. ಅವರು ಪ್ರಮಾಣವಚನ ಸ್ವೀಕರಿಸಿದ ನ್ಯಾಯಾಧೀಶರಲ್ಲ. ಆರೋಪಿಯ ದಿನನಿತ್ಯದ ಯಜಮಾನನೇ ಅವನ ನ್ಯಾಯಾಧೀಶ. ಈ ವಿಚಾರಣೆಯ ತೀರ್ಪಿಗೆ ಇತರ ಸೈನಿಕ ನ್ಯಾಯಾಲಯಗಳ ತೀರ್ಪಿಗಿರುವಂತೆ ಮೇಲಿನವರ ದೃಢೀಕರಣವೂ ಸಾಮಾನ್ಯವಾಗಿ ಬೇಕಿಲ್ಲ.

ಇಂತಹ ನ್ಯಾಯಾಲಯವು ೧೯೮೫ರಲ್ಲಿ ಮಾಡಿದ ಒಂದು ಕೆಲಸವನ್ನು ವಿದ್ಯಾವಂತ ಮನೆತನದವರೆಲ್ಲರೂ ತಿಳಿದಿರಬೇಕು. ರಂಜಿತ್ ಠಾಕುರ್ ಎಂಬ ಸಿಗ್ನಲ್ ದಳದ ಸಿಪಾಯಿಯು ತನ್ನ ಅಧಿಕಾರಿಯ ಮೇಲಿನ ದೂರನ್ನು ನೇರವಾಗಿ ಮೇಲಿನವರಿಗೆ ಬರೆದನೆಂದು ಇಪ್ಪತ್ತೆಂಟು ದಿನಗಳ ಶಿಕ್ಷೆಗೆ ಗುರಿಯಾಗಿದ್ದನು. ಆ ಶಿಕ್ಷೆಯಲ್ಲಿರುವಾಗ ಊಟ ಮಾಡೆಂದರೆ ಮಾಡಲಿಲ್ಲ. ಅಪರಾಧವು ಇಷ್ಟೇ: ಊಟ ಮಾಡಲಿಲ್ಲ. ಅದನ್ನು ಆಜ್ಞೋಲ್ಲಂಘನವೆಂದು ಕರೆದು, ಸಂಕ್ಷಿಪ್ತ ವಿಚಾರಣೆ ನಡೆಯಿಸಿ, ಒಂದು ವರ್ಷದ ಕಠಿನ ಸಜೆಯನ್ನೂ ವಜಾವನ್ನೂ ವಿಧಿಸಿದರು. ಯಾರ ಮೇಲೆ ಅವನು ದೂರು ಹೇಳಿದ್ದನೋ ಆ ಅಧಿಕಾರಿಯೂ ವಿಚಾರಣೆಯಲ್ಲಿ ಪಾಲ್ಗೊಂಡಿದ್ದನು. ನ್ಯಾಯಾಧೀಶರ ಬಗೆಗೆ ಆಕ್ಷೇಪವುಂಟೇ ಎಂದು ಆರೋಪಿಯನ್ನು ಕೇಳಬೇಕೆಂಬ ೧೩೦ನೆಯ ಪ್ರಕರಣದ ಕಟ್ಟಳೆಯನ್ನೂ ಪಾಲಿಸಿರಲಿಲ್ಲ. ೧೯೮೭ರ ಅಕ್ಟೋಬರ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೆಲ್ಲವನ್ನೂ ರದ್ದುಮಾಡಿ ಅವನನ್ನು ಸಕಲ ಸೌಲಭ್ಯಗಳೊಡನೆ ಹಿಂದಕ್ಕೆ ತೆಗೆದುಕೊಳ್ಳುವಂತೆ ವಿಧಿಸಿತು. ಶಿಕ್ಷೆಯು ಅಪರಾಧಕ್ಕೂ ಅಪರಾಧಿಗೂ ತಕ್ಕದ್ದಾಗಿರಬೇಕೆಂಬ ತತ್ತ್ವವನ್ನು ಆ ತೀರ್ಪಿನಲ್ಲಿ ಬರೆದವರು, ಬೆಂಗಳೂರಿನಲ್ಲಿ ವಕೀಲರಾಗಿದ್ದು ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ಅದೇ ವರ್ಷ ದೆಹಲಿಗೆ ಹೋಗಿದ್ದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. ಹಲಸೂರಿನಿಂದ ಕೂಗಳತೆಯ ದೂರದ ನ್ಯಾಯಾಲಯದಲ್ಲಿ ಕುಳಿತಿದ್ದವರು ಬರೆದ ಈ ಮಾತನ್ನು ಹಲಸೂರಿನ ಎಷ್ಟು ಮಂದಿ ಸಿಪಾಯಿಗಳು ಕೇಳಿದ್ದಾರು?

ಇಷ್ಟನ್ನು ಹೇಳಿದೊಡನೆ ಎದ್ದು ನಿಲ್ಲುವ ಆಕ್ಷೇಪವೊಂದುಂಟು. ಸೇನೆಯು ಶಿಸ್ತಿನಿಂದ ನಿಂತಿದೆ. ಒಮ್ಮೆ ಕೊಟ್ಟ ವಜಾವನ್ನು ಮತ್ತೆ ಕೆದಕಿದರೆ ಶಿಸ್ತಿಗೆ ಬಿರುಕು ಬೀಳುತ್ತದೆ. ನೆಟ್ಟಗೆ ನಡೆದವನಿಗೂ ಎಡವಿದವನಿಗೂ ಒಂದೇ ಕಾಗದವಾದರೆ ನೆಟ್ಟಗೆ ನಡೆಯುವವರಾರು ಎಂದು. ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಗುಂಡಿನ ಎದುರಿಗೆ ನಿಲ್ಲಬೇಕಾದ ಜನಕ್ಕೆ ಆಜ್ಞೆಯ ವಿಷಯದಲ್ಲಿ ತರ್ಕಕ್ಕೆ ಬಿಡುವಿಲ್ಲ. ಸಂವಿಧಾನವೇ ೩೩ನೆಯ ಅನುಚ್ಛೇದದಲ್ಲಿ ಸೈನಿಕರ ಮೂಲಭೂತ ಹಕ್ಕುಗಳನ್ನು ಸಂಕುಚಿತಗೊಳಿಸಲು ಸಂಸತ್ತಿಗೆ ಅವಕಾಶ ಕೊಟ್ಟಿದೆ. ಆದರೆ ಮರುವಿಚಾರಣೆಯನ್ನು ಕೇಳುವವನು ರಣರಂಗದಲ್ಲಿ ಕೇಳುತ್ತಿಲ್ಲ. ಅವನು ಸಮವಸ್ತ್ರವನ್ನು ಬಿಚ್ಚಿಯಾಗಿದೆ, ಸಜೆಯನ್ನು ಅನುಭವಿಸಿಯಾಗಿದೆ. ಎಷ್ಟೋ ವರ್ಷಗಳಾದ ಮೇಲೆ ಒಂದು ಕಾಗದದ ಒಂದು ಮಾತನ್ನು ತಿದ್ದಿದರೆ ಗಡಿಯ ಕಾವಲು ಸಡಿಲುವುದು ಹೇಗೆಂದು ಶಿಸ್ತುವಾದಿಗಳು ಹೇಳಬೇಕು. ಬ್ರಿಟಿಷ್ ಸೇನೆಯಲ್ಲಿ ಚಾವಟಿಯ ಏಟನ್ನು ನಿಲ್ಲಿಸಬೇಕೆಂದಾಗಲೂ ಶಿಸ್ತು ಅಳಿಯುವುದೆಂದು ದೊಡ್ಡವರು ಕೂಗಿದರು. ೧೮೮೧ರಲ್ಲಿ ಚಾವಟಿ ಹೋಯಿತು, ಸೇನೆ ಉಳಿಯಿತು. ಮೊದಲನೆಯ ಮಹಾಯುದ್ಧದಲ್ಲಿ ಪಲಾಯನವೇ ಮೊದಲಾದ ಅಪರಾಧಗಳಿಗಾಗಿ ತನ್ನವರಿಂದಲೇ ಗುಂಡಿಗೆ ಬಲಿಯಾದ ಸೈನಿಕರಿಗೆ ಆ ದೇಶವು ೨೦೦೬ರಲ್ಲಿ ಕ್ಷಮೆಯನ್ನು ಘೋಷಿಸಿತು; ಆ ಮೇಲೆ ಅಲ್ಲಿ ಯಾವ ಪಲ್ಟನ್ನೂ ಓಡಿಹೋಗಲಿಲ್ಲ.

ನೆಟ್ಟಗೆ ನಡೆದವನ ಪಕ್ಷವನ್ನು ಹಿಡಿಯುವವರೂ ಒಂದು ಮಾತನ್ನು ಯೋಚಿಸಬೇಕು. ಊಟ ಬಿಟ್ಟವನಿಗೂ ಬಂದೂಕು ಮಾರಿದವನಿಗೂ ಒಂದೇ ‘ವಜಾ’ ಎಂಬ ಮುದ್ರೆ ಬೀಳುತ್ತಿರುವಾಗ ಆ ಮುದ್ರೆಗೆ ಬೆಲೆಯೇನು? ಅದು ತೂಕವಿಲ್ಲದ ತಕ್ಕಡಿ.

ತಿದ್ದಿಸಿಕೊಳ್ಳಲು ದಾರಿಯೇ ಇಲ್ಲವೇ ಎಂದರೆ, ಉಂಟು. ಅಧಿನಿಯಮದ ೧೬೪ನೆಯ ಪ್ರಕರಣದಂತೆ ಮನವಿ ಮಾಡಿಕೊಳ್ಳಬಹುದು. ೨೦೦೭ರ ಅಧಿನಿಯಮದಂತೆ ೨೦೦೯ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಲಿಯು ಸ್ಥಾಪಿತವಾಯಿತು; ಶಿಕ್ಷೆಯು ಅತಿಯಾದುದೆಂದು ಕಂಡರೆ ಅದನ್ನು ತಗ್ಗಿಸುವ ಅಧಿಕಾರವೂ ಅದಕ್ಕುಂಟು. ಇಲ್ಲಿಯವರೆಗೆ ಒಳ್ಳೆಯದೇ. ಆದರೆ ಸೇವಾ ವಿಷಯದ ಅರ್ಜಿಗೆ ಕೊಟ್ಟ ಗಡುವು ಆರು ತಿಂಗಳು. ತಡವನ್ನು ಮನ್ನಿಸಬಹುದು, ನಿಜ. ತಡಕ್ಕೆ ಸಾಕಷ್ಟು ಕಾರಣವಿತ್ತೆಂದು ಮನಗಾಣಿಸುವ ಭಾರ ಸಿಪಾಯಿಯದು. ನಾಚಿಕೆಯಿಂದ ಎರಡು ವರ್ಷ ಮನೆಯಿಂದ ಹೊರಗೆ ಬರಲಿಲ್ಲವೆಂಬುದು ಕಾನೂನಿನ ಪುಸ್ತಕದಲ್ಲಿ ಕಾರಣವಾಗುವುದೇ? ಇನ್ನು ಸ್ಥಳದ ವಿಷಯ. ದಳಗಳ ಕೇಂದ್ರಗಳು ಇಷ್ಟೊಂದಿರುವ ಬೆಂಗಳೂರಿಗೆ, ಸ್ಯಾಪರ್ಸ್, ಪಯನಿಯರ್, ಪ್ಯಾರಾಷೂಟ್, ಸೈನಿಕ ಪೋಲೀಸು, ಸರಬರಾಜು ದಳ ಇವೆಲ್ಲದರ ತರಬೇತಿಯ ತಾಣವಾದ ಬೆಂಗಳೂರಿಗೆ, ನ್ಯಾಯಮಂಡಲಿಯ ಪೀಠಗಳನ್ನು ಹಂಚಿದಾಗ ಒಂದೂ ದೊರೆಯಲಿಲ್ಲ. ಕರ್ನಾಟಕವನ್ನು ಕೊಚ್ಚಿಯ ಪೀಠಕ್ಕೆ ಸೇರಿಸಿದರು. ಪಿಂಚಣಿಯಿಲ್ಲದವನು ಪಿಂಚಣಿಯನ್ನು ಕೇಳುವುದಕ್ಕಾಗಿ ರೈಲಿನ ಖರ್ಚನ್ನು ಸಾಲ ಮಾಡಬೇಕು. ಉಚ್ಚ ನ್ಯಾಯಾಲಯಗಳ ಬಾಗಿಲು ಕೆಲವು ವರ್ಷ ಇಂತಹವರಿಗೆ ಮುಚ್ಚಿದಂತೆಯೇ ಆಗಿತ್ತು. ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮತ್ತೆ ತೆರೆಯಿತು. ತೆರೆದ ಬಾಗಿಲನ್ನು ಸೇರುವುದಕ್ಕೂ ವಕೀಲನು ಬೇಕು.

ಅಮೆರಿಕದವರ ಪದ್ಧತಿ ಬೇರೆ. ಅವರು ೧೯೪೪ರಲ್ಲಿಯೇ, ಯುದ್ಧ ಮುಗಿಯುವುದಕ್ಕೆ ಮೊದಲೇ, ಬಿಡುಗಡೆಗಳನ್ನು ಮತ್ತೆ ಪರಿಶೀಲಿಸುವ ಮಂಡಲಿಗಳನ್ನು ಕಾನೂನಿನಿಂದ ಏರ್ಪಡಿಸಿದರು. ಅವಕ್ಕೆ ಅರ್ಜಿ ಹಾಕುವ ಗಡುವು ಹದಿನೈದು ವರ್ಷ. ಇಲ್ಲಿಯದು ಆರು ತಿಂಗಳೆಂಬುದನ್ನು ವಾಚಕರು ಮರೆಯಬಾರದು. ಅವರು ಧರ್ಮಾತ್ಮರಾದುದರಿಂದ ಹೀಗೆ ಮಾಡಿದರೆಂದೇನೂ ಅಲ್ಲ. ಅನ್ಯಾಯದಲ್ಲಿ ಅವರ ಚರಿತ್ರೆ ಯಾರಿಗೂ ಕಡಿಮೆಯಿಲ್ಲ. ೧೯೦೬ರಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್ ಊರಿನಲ್ಲಿ ರಾತ್ರಿ ಗುಂಡು ಹಾರಿತೆಂದು, ಯಾರು ಹಾರಿಸಿದರೆಂಬುದು ಸಿದ್ಧವಾಗದಿದ್ದರೂ, ಅಧ್ಯಕ್ಷ ರೂಸ್‌ವೆಲ್ಟರು ವಿಚಾರಣೆಯಿಲ್ಲದೆಯೇ ೧೬೭ ಮಂದಿ ಕರಿಯ ಸೈನಿಕರನ್ನು ಗೌರವವಿಲ್ಲದೆ ಹೊರಗೆ ಹಾಕಿದರು. ಆ ಕಾಗದವನ್ನು ಗೌರವದ ಬಿಡುಗಡೆಯೆಂದು ತಿದ್ದಿದ್ದು ೧೯೭೨ರಲ್ಲಿ. ಆ ವೇಳೆಗೆ ಪ್ರಾಯಶಃ ಎಲ್ಲರೂ ಮಣ್ಣಾಗಿದ್ದರು. ತಿದ್ದಿದ ಕಾಗದವನ್ನು ಕೈಯಾರೆ ಪಡೆದ ಡಾರ್ಸಿ ವಿಲಿಸ್ ಎಂಬ ಮುದುಕನು ಮಿನಿಯಾಪೊಲಿಸ್ ಪಟ್ಟಣದ ಕ್ಷೌರದಂಗಡಿಯಲ್ಲಿ ಅರ್ಧ ಶತಮಾನಕ್ಕೂ ಮೇಲೆ ಪರರ ಬೂಟುಗಳಿಗೆ ಪಾಲಿಷ್ ಹಾಕಿ ಬದುಕಿದ್ದವನು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ೧೯೪೫ರ ನವೆಂಬರಿನಲ್ಲಿ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಶಾನವಾಜ್ ಖಾನ್, ಸಹಗಲ್, ಧಿಲ್ಲೋನ್ ಈ ಮೂವರ ವಿಚಾರಣೆ ಆರಂಭವಾಯಿತು. ಮರುವರ್ಷದ ಆದಿಯಲ್ಲಿ ದಂಡನಾಯಕ ಆಕಿನ್‌ಲೆಕ್ಕನು ಅವರ ಆಜೀವ ಗಡಿಪಾರನ್ನು ಮನ್ನಿಸಿದನು. ಪದವಿಯಿಂದ ವಜಾ ಮಾಡಿದುದನ್ನು ಮಾತ್ರ ಬಿಡಲಿಲ್ಲ. ಆ ಫೌಜಿನ ಜನರು ಸ್ವಾತಂತ್ರ್ಯ ಬಂದ ಮೇಲೆಯೂ ಸೇನೆಗೆ ಹಿಂದಿರುಗಲಿಲ್ಲ. ಮುಂದೆ ಸ್ವಾತಂತ್ರ್ಯ ಯೋಧರ ಪಿಂಚಣಿಯಲ್ಲಿ ಸರಕಾರವು ಅವರನ್ನು ಸೇರಿಸಿಕೊಂಡಿತು. ಪರಕೀಯ ಸರಕಾರದ ಪುಸ್ತಕದಲ್ಲಿ ಪ್ರತಿಜ್ಞಾಭಂಗ ಮಾಡಿದವರೆಂದು ಬರೆದಿದ್ದವರ ಹೆಸರನ್ನು ದೇಶವು ಬೇರೆಯಾಗಿ ಓದಬಲ್ಲುದಾದರೆ, ರಜೆ ಮೀರಿದವನ ಪುಸ್ತಕವನ್ನು ಮತ್ತೊಮ್ಮೆ ತೆರೆಯಲು ಅಡ್ಡಿಯೇನು?

ಬೇಕಾದುದು ದೊಡ್ಡದೇನಲ್ಲ. ನ್ಯಾಯಾಲಯವಲ್ಲದ, ವಕೀಲರ ಹಂಗಿಲ್ಲದ, ಸೇನೆಯ ನಿವೃತ್ತ ಹಿರಿಯರೂ ನಾಗರಿಕರೂ ಒಬ್ಬ ವೈದ್ಯನೂ ಇರುವ ಪರಿಶೀಲನಾ ಮಂಡಲಿಯೊಂದು. ವೈದ್ಯನೇಕೆಂದರೆ, ಹಿಂದಿನವರು ಕುಡಿತ, ಸಿಟ್ಟು, ಹೇಳದೆ ಓಡಿಹೋಗುವುದು ಎಂದು ಕೆಂಪು ಶಾಯಿಯಲ್ಲಿ ಬರೆದುದರಲ್ಲಿ ಕೆಲವನ್ನು ಯುದ್ಧದ ಆಘಾತದಿಂದ ಹುಟ್ಟಿದ ಮನೋವ್ಯಾಧಿಯ ಲಕ್ಷಣವೆಂದು ಇಂದಿನ ವೈದ್ಯಶಾಸ್ತ್ರವು ಗುರುತಿಸುತ್ತದೆ. ಮಂಡಲಿಯು ಅರ್ಜಿಯನ್ನೆಲ್ಲ ಒಪ್ಪಬೇಕಾಗಿಲ್ಲ; ಓದಿದರೆ ಸಾಕು, ಕಾರಣ ಕೊಟ್ಟು ನಿರಾಕರಿಸಿದರೂ ಸಾಕು. ಅದು ದಂಡಿನ ಊರಾದ ಬೆಂಗಳೂರಿಗೆ ಬಂದು ಕುಳಿತುಕೊಳ್ಳಬೇಕು. ಕನ್ನಡದ ಸಿಪಾಯಿಯ ಮಾತನ್ನು ಕನ್ನಡದಲ್ಲಿ ಕೇಳಬೇಕು.

ಭಾಷೆಯ ಈ ಕೋರಿಕೆಯನ್ನು ಸಾಹಿತ್ಯ ಪತ್ರಿಕೆಯ ಚಪಲವೆಂದು ಯಾರೂ ನಗಬಾರದು. ಅಧಿನಿಯಮದ ೨೩ನೆಯ ಪ್ರಕರಣವು ಇದನ್ನು ಆಗಲೇ ಒಪ್ಪಿಕೊಂಡಿದೆ. ವಜಾ ಆದವನಾಗಲಿ ಬಿಡುಗಡೆಯಾದವನಾಗಲಿ, ಪ್ರತಿಯೊಬ್ಬ ಸಿಪಾಯಿಗೂ ಮುಖ್ಯಾಧಿಕಾರಿಯು ಪ್ರಮಾಣಪತ್ರವೊಂದನ್ನು ಕೊಡಬೇಕು. ಯಾರ ಆಜ್ಞೆಯಿಂದ ಸೇವೆ ಮುಗಿಯಿತು, ಯಾವ ಕಾರಣದಿಂದ ಮುಗಿಯಿತು, ಒಟ್ಟು ಸೇವೆಯೆಷ್ಟು ಎಂಬ ಮೂರನ್ನೂ ಅದರಲ್ಲಿ ಇಂಗ್ಲಿಷಿನೊಡನೆ ಸಿಪಾಯಿಯ ಮಾತೃಭಾಷೆಯಲ್ಲಿಯೂ ಬರೆದಿರಬೇಕು. ಕಾನೂನಿನ ಮಾತಿದು. ದಂಡಿನ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಕಾಗದವಿದ್ದರೆ ಓದು ಬಲ್ಲ ಮಕ್ಕಳು ಅದನ್ನು ಹೊರಗೆ ತೆಗೆದು, ಕನ್ನಡದ ಸಾಲು ಅದರಲ್ಲಿದೆಯೇ ಎಂದು ನೋಡಬೇಕು. ಕಾರಣವನ್ನು ಬರೆದಿದ್ದಾರೆಯೇ ಎಂದು ನೋಡಬೇಕು. ನಾಲ್ಕು ನಮೂದುಗಳೆಂದಿದ್ದರೆ ಪ್ರಾಥಮಿಕ ವಿಚಾರಣೆ ನಡೆದಿತ್ತೇ ಎಂದು ತಂದೆಯನ್ನೋ ಚಿಕ್ಕಪ್ಪನನ್ನೋ ಮೆಲ್ಲಗೆ ಕೇಳಬೇಕು. ಮನವಿಗೆ ಅಂತಿಮ ಉತ್ತರವು ಬಂದಿದ್ದರೆ ಅದರ ತಾರೀಖನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಆರು ತಿಂಗಳ ಎಣಿಕೆ ಅಂದಿನಿಂದಲೇ ಆರಂಭವಾಗಿರುತ್ತದೆ.